‘ಅಂತೆ’ಗೆ ಲೊಚಗುಡದ ಹಲ್ಲಿ

ಚಂದಾಪುರದ ಪಕ್ಕದ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವ ವಸಂತಮ್ಮನ ಎದುರು ‘ಅಂತೆ’ ಎಂದುಬಿಟ್ಟರೆ ಮುಗಿಯಿತು, ಅವತ್ತು ಬಿಡುಗಡೆಯಿಲ್ಲ. “ನಾಳೆ ಕರೆಂಟ್ ಇರಲ್ವಂತೆ ಅಕ್ಕ” ಎಂದ ಪಂಚಾಯಿತಿ ಮೆಂಬರ್ ಲೋಕೇಶನನ್ನೂ “ಯಾರಪ್ಪಾ ಅಂದಿದ್ದು?” ಎಂದು ಹಿಡಿದು ನಿಲ್ಲಿಸಿದ ಹೆಂಗಸು ಆಕೆ. ಅದಕ್ಕೆ ಕಾರಣವೂ ಇತ್ತು. ಇಪ್ಪತ್ತರ ವಯಸ್ಸಿನಲ್ಲಿ ಗೊತ್ತಾಗಿದ್ದ ಮದುವೆ, “ಹುಡುಗಿಗೆ ಮೂರ್ಛೆರೋಗವಂತೆ” ಎಂಬ ಒಂದೇ ಮಾತಿಗೆ ಮುರಿದುಬಿತ್ತು. ಆ ಮಾತು ಯಾರ ಬಾಯಿಂದ ಹೊರಟಿತೋ, ಇಂದಿಗೂ ತಿಳಿದಿಲ್ಲ. ಹಾಳು ಬಾಯಿಗಳು! ಹನುಮಂತರಾಯಪ್ಪನನ್ನು ಮದುವೆಯಾಗುವ ಹೊತ್ತಿಗೆ ಆಕೆಗೆ ಮೂವತ್ತು ದಾಟಿತ್ತು.

ಲೈಬ್ರರಿಗೆ ನಾಲ್ಕು ಟ್ಯಾಬ್ ಬಂದಾಗ ಐವತ್ತು ದಾಟಿದ್ದ ವಸಂತಮ್ಮ, ಹೆದರುತ್ತಲೇ ಬೆರಳಾಡಿಸಿ ಕಲಿತು, ಮಕ್ಕಳ ಕೈಲಿ ಚಿತ್ರ ಬರೆಸಿ, ತನ್ನದೇ ದನಿ ಕೊಟ್ಟು ಒಂದು ಡಿಜಿಟಲ್ ಕಥೆಪುಸ್ತಕ ಮಾಡಿದಳು. ಅದರಲ್ಲೊಂದು ಕಾಗೆ, ಹೆಸರು ಗಾಳಿಕಾಕ. “ಕೆರೇಲಿ ಮೊಸಳೆ ಇದೆಯಂತೆ!” ಎಂದು ಊರೆಲ್ಲ ಸಾರುತ್ತದೆ. ಗೋಡೆಯ ಮೇಲೆ ಲೊಚ್ಚಮ್ಮ ಎಂಬ ಹಲ್ಲಿ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಎನ್ನುವುದು ನಮ್ಮ ಮನೆಗಳ ನಂಬಿಕೆ ತಾನೇ? ಈ ಹಲ್ಲಿ ಮಾತ್ರ ಸುಲಭಕ್ಕೆ ಲೊಚಗುಡುವುದಿಲ್ಲ. “ಯಾರಂದ್ರು? ಯಾವಾಗ? ಅವರು ಕಣ್ಣಾರೆ ನೋಡಿದ್ರಾ?” ಎಂದು ಕೇಳುತ್ತದೆ. ಪುಸ್ತಕವಾದರೆ ಬರೆದವರ ಹೆಸರು, ಪುಟ. ಮನುಷ್ಯರಾದರೆ ಹೆಸರು, ಊರು, ತಾರೀಖು. ಮಕ್ಕಳು ಅಷ್ಟನ್ನೂ ತಾವು ಬರೆದ ಹಾಳೆಯ ಕೆಳಗೆ ಸೇರಿಸಿದರೇ ‘ಲೊಚ್ ಲೊಚ್’.

“ಫೋನ್ ಹೇಳ್ತು ಅಕ್ಕ” ಎಂದು ಯಾರಾದರೂ ಜಾರಿಕೊಂಡರೆ, “ಫೋನಿಗ್ಯಾರೋ ಹೇಳಿದ್ದು, ಅದರಜ್ಜೀನಾ?” ಎಂದು ವಸಂತಮ್ಮ ಕಿವಿ ಹಿಂಡುತ್ತಿದ್ದಳು. ಮಕ್ಕಳಿಗೆ ಅದೇ ಖುಷಿ. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಏಳನೆಯ ತರಗತಿಯ ನೀಲಾಂಬಿಕಾ. ಯಾದಗಿರಿ ಕಡೆಯವಳು. ಅಪ್ಪ ಯಂಕಪ್ಪ, ಅವ್ವ ಮರೆವ್ವ ಇಬ್ಬರದೂ ಕಟ್ಟಡದ ಕೆಲಸ. ವಸಂತಮ್ಮನ ಮನೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ವಾಸ. ಊರ ಕೆರೆಯ ಬಗ್ಗೆ ಬರೆಯಿರಿ ಎಂದರೆ ಈ ಹುಡುಗಿ ಮನೆಮನೆ ಅಲೆದು, “ಕೆರೆ ಕೋಡಿ ಬಿದ್ದದ್ದು ನಿಜ. ಹೇಳಿದವರು ಈರಪ್ಪ ತಾತ, ವಯಸ್ಸು ಎಂಬತ್ತು, ಕಣ್ಣಾರೆ ಕಂಡವರು” ಎಂದು ಬರೆದು ತಂದಿದ್ದಳು. ವಸಂತಮ್ಮ ಆ ಹಾಳೆಯನ್ನು ಬಂದವರಿಗೆಲ್ಲ ತೋರಿಸಿ ಬೀಗಿದ್ದಳು.

ಕಳೆದ ಫೆಬ್ರವರಿಯ ಒಂದು ಶನಿವಾರ, ಮಧ್ಯಾಹ್ನ ಮೂರಕ್ಕೆ, ಮರೆವ್ವನ ಫೋನ್ ಬಂತು. ಅತ್ತಿಬೆಲೆಯಲ್ಲಿ ಕಟ್ಟುತ್ತಿದ್ದ ಶೆಡ್ಡಿನ ಮೇಲಿಂದ ಯಂಕಪ್ಪ ಬಿದ್ದಿದ್ದ. “ಹೋಗಿಬಿಟ್ರುರೀ ಅಕ್ಕಾರ. ನನ್ನ ಕಣ್ಣಮುಂದ... ಕೂಸಿಗಿ ಹೇಳಬ್ಯಾಡ್ರಿ, ನಾ ಬರೂತನಕ.” ವಸಂತಮ್ಮ ಆಯಿತೆಂದಳು. ಇನ್ನೇನು ತಾನೇ ಹೇಳಿಯಾಳು?

ಫೋನ್ ಇಟ್ಟು ಐದು ನಿಮಿಷವಾಗಿರಲಿಲ್ಲ, ನೀಲಾಂಬಿಕಾ ಏದುಸಿರು ಬಿಡುತ್ತ ಒಳಗೆ ಬಂದಳು.

“ಅಕ್ಕಾರ, ನಮ್ಮಪ್ಪ ಬಿದ್ದಾನಂತ. ಒಬ್ಬಾಕಿ ಕಾಲು ಮುರ್ದಾದಂತ ಅಂದ್ಳು, ಇನ್ನೊಬ್ಬಾಕಿ ಏನೂ ಆಗಿಲ್ಲಂತ ಅಂದ್ಳು. ಯಾರೂ ನೋಡಿಲ್ರಿ. ನಿಮಗ ಗೊತ್ತದೇನ್ರಿ?”

“ಚೆನ್ನಾಗವ್ನಂತೆ ಕಣಮ್ಮ.”

“ಯಾರ್ ಹೇಳ್ಯಾರ್ರಿ?”

ಹುಡುಗಿಯ ದನಿಯಲ್ಲಿ ತುಂಟತನವಿರಲಿಲ್ಲ. ಕಲಿಸಿದ್ದನ್ನು ಕೇಳಿದ್ದಳು, ಅಷ್ಟೆ. ಮೇಸ್ತ್ರಿ ಹೇಳಿದ ಎಂದರೆ ಸಾಕಿತ್ತು, ನಂಬುತ್ತಿದ್ದಳು. ವಸಂತಮ್ಮ ಹೇಳಿದ ಮೇಲೆ ನಂಬದೆ ಇರುತ್ತಾಳೆಯೇ? ಆ ನಂಬಿಕೆಗೇ ವಸಂತಮ್ಮ ಹೆದರಿದಳು. ಇತ್ತ ಆ ತಾಯಿಗೆ ಮಾತು ಕೊಟ್ಟಾಗಿದೆ. ಅತ್ತ ಮಗು ಮುಖ ನೋಡುತ್ತ ನಿಂತಿದೆ. ದೇವರೇ, ಇಂಥ ಪಾಠ ನಾನು ಯಾಕಾದರೂ ಕಲಿಸಿದೆ ಎಂದುಕೊಂಡಳು.

“ಸುಳ್ಳು ಹೇಳ್ದೆ ಮಗಾ,” ಎಂದಳು. “ನಿಮ್ಮವ್ವ ಫೋನ್ ಮಾಡಿದ್ಲು. ನಿಮ್ಮಪ್ಪ ತೀರ್ಕೊಂಡ್ರು ಕಣವ್ವ.”

“ಅವ್ವ ನೋಡ್ಯಾಳೇನ್ರಿ? ತಾನೇ?”

“ನೋಡವ್ಳೆ.”

“ಹಂಗಾದ್ರ ಖರೇನ ಇರ್ತದ,” ಎಂದಳು ನೀಲಾಂಬಿಕಾ.

ಇಲ್ಲ, ನೀವು ಸುಳ್ಳು ಹೇಳುತ್ತೀರಿ ಎಂದು ಹುಡುಗಿ ಕಿರುಚಿದ್ದರೆ, ಎದೆಗೆ ಗುದ್ದಿದ್ದರೆ, ವಸಂತಮ್ಮ ತಡೆದುಕೊಳ್ಳುತ್ತಿದ್ದಳೇನೋ. ಮಗು ಒಪ್ಪಿಕೊಂಡುಬಿಟ್ಟಿತು. ವಸಂತಮ್ಮ ಕುರ್ಚಿಯಲ್ಲಿ ಕುಸಿದು, ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಅವ್ವ ಒಬ್ಬಾಕಿನ ಅದಾಳೇನ್ರಿ ಅಲ್ಲಿ?”

“ಒಬ್ಳೇ ಕಣಮ್ಮ.”

“ನಡೀರಿ ಮತ್ತ,” ಎಂದು ನೀಲಾಂಬಿಕಾ ಆಕೆಯ ಕೈ ಹಿಡಿದು ಎಬ್ಬಿಸಿದಳು.