ಹಳದಿ ಗುಳಿಗೆ, ಸುಣ್ಣದ ತಿಳಿ

ನನ್ನ ಕೈಯ ಸೂಜಿ ನೋಯುವುದಿಲ್ಲವೆಂದು ಹನೂರಿನಿಂದೆಲ್ಲ ಜನ ಕೊಳ್ಳೇಗಾಲದ ಆಸ್ಪತ್ರೆಗೆ ಬರುತ್ತಿದ್ದರು. ಹಾಗೆಂದು ಹೇಳುತ್ತಿದ್ದವನು ನಾನೊಬ್ಬನೇ; ಆದರೂ ನಿಜ. ನಾನು ಅಲ್ಲಿ ಕಾಂಪೌಂಡರ್. ಔಷಧಿ ಕಲೆಸುವುದು, ಗಾಯ ಕಟ್ಟುವುದು, ಸೂಜಿ ಚುಚ್ಚುವುದು, ಮಲಗಿದ್ದವರನ್ನು ಗೋಳು ಹುಯ್ದುಕೊಳ್ಳುವುದು, ಎಲ್ಲ ನನ್ನದೇ. ಕೊನೆಯದಕ್ಕೆ ಮಾತ್ರ ಸಂಬಳವಿರಲಿಲ್ಲ.

ಯುದ್ಧ ಮುಗಿದ ಮೇಲೆ ನಮ್ಮಲ್ಲಿಗೆ ಪೆನಿಸಿಲಿನ್ ಬಂತು. ಕಾಲು ಕೊಳೆತು ನಾರುತ್ತಿದ್ದವರು ಎದ್ದು ನಡೆದುಹೋದರು. ನಾನೇ ಬದುಕಿಸಿದವನಂತೆ ಪೇಟೆಯಲ್ಲಿ ಮೀಸೆ ತಿರುವಿಕೊಂಡು ಓಡಾಡಿದೆ. ಆಮೇಲೆ ಕುರುವಿಗೂ ಅದೇ, ಕೆಮ್ಮಿಗೂ ಅದೇ. ಜ್ವರ ಇಳಿದ ಕೂಡಲೇ ಅರ್ಧಕ್ಕೆ ಬಿಟ್ಟು ಊರಿಗೆ ಹೋಗುವವರೇ ಹೆಚ್ಚು. ಬರಬರುತ್ತ ನಮ್ಮ ವಾರ್ಡಿನ ಕೀವು ಆ ಸೂಜಿಗೆ ಹೆದರುವುದನ್ನೇ ಬಿಟ್ಟಿತು. ಒಂದು ಮಂಚದ ಗಾಯ ಪಕ್ಕದ ಮಂಚಕ್ಕೆ ಹಬ್ಬುತ್ತಿತ್ತು. ಬೆಳಿಗ್ಗೆ ಕಟ್ಟು ಬಿಚ್ಚಿದರೆ ನಿನ್ನೆಯದೇ ವಾಸನೆ. ತೊಳೆದು ಕಟ್ಟಿದರೆ ನಾಳೆಯೂ ಅದೇ. ಆ ವಾಸನೆ ಮನೆಯವರೆಗೆ ಬಂದು ನನ್ನ ಜೊತೆ ಊಟಕ್ಕೆ ಕೂರುತ್ತಿತ್ತು.

"ದಿನಾ ಬೈಸಿಕೊಂಡ ಸೊಸೆ ಥರ ಆಗೋಗದೆ ಸಾ ಈ ಕೀವು. ಯಾವುದಕ್ಕೂ ಜಗ್ಗಾಕಿಲ್ಲ" ಎಂದರೆ ಮೊದಲೆಲ್ಲ ನಗುತ್ತಿದ್ದ ಡಾಕ್ಟರು ಈಗ ನಗುತ್ತಿರಲಿಲ್ಲ. ಅವರು ದಣಿದಿದ್ದರು. ನಾನೂ ದಣಿದಿದ್ದೆ, ಬಾಯಿಗೆ ಮಾತ್ರ ದಣಿವಿರಲಿಲ್ಲ.

ಆಗಲೇ ನಮ್ಮ ಬೀದಿಯ ನೇಯ್ಗೆಯವನು ಬಂದು ಸೇರಿದ್ದು. ಜರಿ ಸೀರೆಗೆ ಹೆಸರಾದವನು, ಚಿಕ್ಕಂದಿನಿಂದ ನನ್ನ ಕೀಟಲೆ ತಿಂದು ಬೆಳೆದವನು. ಬಲ ಅಂಗೈಗೆ ಮಗ್ಗದ ಸಿಬಿರು ಹೊಕ್ಕಿತ್ತು. ಡಾಕ್ಟರು ಕೊಯ್ದು ಕೀವು ತೆಗೆದರು. ಪೆನಿಸಿಲಿನ್ ಚುಚ್ಚಿದೆ, ಎರಡರಷ್ಟು ಚುಚ್ಚಿದೆ. ಸಲ್ಫಾ ಮಾತ್ರೆ ನುಂಗಿಸಿದೆ. ಊತ ಮಣಿಕಟ್ಟು ದಾಟಿ ಮೇಲಕ್ಕೇ ಹತ್ತಿತು. ಡಾಕ್ಟರು ಊತದ ಅಂಚಿಗೆ ಶಾಯಿಯಲ್ಲಿ ಒಂದು ಗೆರೆ ಎಳೆದು, "ಊತ ಮೊಣಕೈ ಮುಟ್ಟಿದರೆ ಕೈ ತೆಗೆಯಬೇಕಾಗುತ್ತೆ. ಇಲ್ಲದಿದ್ದರೆ ಪ್ರಾಣಕ್ಕೇ ಬರುತ್ತೆ" ಎಂದರು.

ನೇಯ್ಗೆಯವನು ಗೆರೆಯನ್ನೇ ನೋಡುತ್ತಾ ಕೂತ. ಅವನ ಹೆಂಡತಿ ಕೇಳಿದಳು: "ಬ್ಯಾರೆ ಸೂಜಿ ಇಲ್ವಾ ಸಾ?"

ಬೀರುವಿನಲ್ಲಿ ಸ್ಟ್ರೆಪ್ಟೊಮೈಸಿನ್ ಇತ್ತು. ಆದರೆ ಅದು ಹನೂರಿನಿಂದ ಬಂದಿದ್ದ ಕ್ಷಯದ ಹೆಂಗಸಿಗೆಂದು ತರಿಸಿದ್ದು. ಅವಳೊಬ್ಬಳಿಗೆ ಆಗುವಷ್ಟೇ ಇತ್ತು.

"ಅದು ಕಿವಿಗೆ ಪೆಟ್ಟು ಕೊಡಬಹುದಮ್ಮ" ಎಂದರು ಡಾಕ್ಟರು.

"ಕಿವಿ ಓದ್ರೆ ಎಳೆ ಕಡ್ದದ್ದು ಎಂಗ್ ಸಾ ಗೊತ್ತಾದದು?" ಎಂದ ನೇಯ್ಗೆಯವನು.

"ನಂಗೆ ಕಿವಿ ಇಲ್ವಾ? ನಾ ಕೇಳಿ ಯೋಳ್ತೀನಿ, ಕೈ ಒಂದ್ ಉಳೀಲಿ" ಎಂದಳು ಹೆಂಡತಿ.

"ನಾ ಯೋಳಿದ್ನೇ ಇಷ್ಟ್ ವರ್ಸ ಕೇಳ್ನಿಲ್ಲ, ಮಗ್ಗ ಯೋಳದ್ನ ಕೇಳಿಯಾ?"

ನಾನು ನಕ್ಕೆ. ಡಾಕ್ಟರು ನನ್ನನ್ನು ಹೊರಗೆ ಕರೆದರು. "ಇವನಿಗೆ ಅರ್ಧ, ಅವಳಿಗೆ ಅರ್ಧ ಕೊಟ್ಟರೆ ಇಬ್ಬರಿಗೂ ಕೊಟ್ಟಂತಾಗಲ್ಲ ಕಣಯ್ಯ. ಅವಳ ರೋಗಕ್ಕೆ ಈ ಔಷಧಿಯನ್ನೂ ಅಭ್ಯಾಸ ಮಾಡಿಸಿದ ಹಾಗಾಗುತ್ತೆ, ಅಷ್ಟೆ. ಉಳಿದಿರೋ ದಾರಿ ಕೀವಿಗೆ ಅಂತ ಹೊಸದಾಗಿ ಬಂದಿರೋ ಹಳದಿ ಗುಳಿಗೆ ಒಂದೇ."

ಅದು ನಮ್ಮಲ್ಲಿರಲಿಲ್ಲ. ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು. ಏನು ಬೇಕಿದ್ದರೂ ಕೊಯಮತ್ತೂರಿಗೆ ಬರೆದು, ಅದು ಘಾಟಿ ಹತ್ತಿಳಿದು ಬರುವುದನ್ನು ಕಾಯಬೇಕು. ಅಷ್ಟರಲ್ಲಿ ಕೈ ಇರುತ್ತಿರಲಿಲ್ಲ. ಮಗ್ಗುಲಲ್ಲೇ ಇರುವ ಯಳಂದೂರು ಮೈಸೂರಿನದು. ಅಲ್ಲಿನ ಡಾಕ್ಟರು ನಮ್ಮವರ ಜೊತೆ ಓದಿದವರು, ಮೈಸೂರಿನಿಂದ ಆ ಗುಳಿಗೆ ತರಿಸಿಟ್ಟಿದ್ದರು. ಹಾಗೆ ನಾನು ಯಳಂದೂರಿಗೆ ಬಸ್ಸು ಹತ್ತಿದೆ.

ನಮ್ಮ ಕಡೆ ಪಾನನಿರೋಧ. ವಾಪಸು ಬರುವಾಗ ಗಡಿಯ ಕಾವಲಿನವನು ಬಸ್ಸಿನೊಳಗೆ ಬಂದು ನನ್ನ ಗುಳಿಗೆ ಸೀಸೆ ಹಿಡಿದ. ಅವನಿಗೆ ನನ್ನ ಪರಿಚಯವಿತ್ತು, ಅದೇ ತೊಂದರೆ.

"ಏನ್ಲಾ ಇದು?"

"ಎಂಡವ ಒಣಗ್ಸಿ ಗುಳಿಗೆ ಕಟ್ಟವ್ರೆ. ನೀರ್ಗೆ ಆಕ್ಕಂಡ್ರೆ ಆಯ್ತು. ಒಂದ್ ಕೊಡ್ನಾ?"

ಅವನು ಮೂಸಿ, ಅಲ್ಲಾಡಿಸಿ, ನನ್ನ ವಂಶವನ್ನೆಲ್ಲ ಬೈದು ಸೀಸೆ ಕೊಟ್ಟ. ಬಸ್ಸಿನವರೆಲ್ಲ ನಕ್ಕರು. ನಾನು ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆಹೋದೆ. ಅಷ್ಟು ಸುಸ್ತಾಗಿತ್ತು.

ಗುಳಿಗೆ ಶುರುವಾಯಿತು. ನೇಯ್ಗೆಯವನಿಗೆ ಹೊಟ್ಟೆ ಉರಿ, ಬಾಯಲ್ಲಿ ನೀರು. ಊತ ಮಾತ್ರ ಇಳಿಯಲಿಲ್ಲ, ಶಾಯಿ ಗೆರೆ ದಾಟಿತು. ಡಾಕ್ಟರು ಹೊಸ ಗೆರೆ ಎಳೆಯಲಿಲ್ಲ. "ಇದಕ್ಕೂ ಜಗ್ಗಲಿಲ್ಲ. ನಾಳೆ ಬೆಳಿಗ್ಗೆ ಕೈ ತೆಗೆಯೋಣ. ಆಯುಧ ಕುದಿಸಿಡು" ಎಂದರು. ಯಾವ ಔಷಧಿಯ ಮೇಲೂ ನಂಬಿಕೆ ಉಳಿಯದವರ ಧ್ವನಿ ಅದು.

ಮಧ್ಯಾಹ್ನ ನೇಯ್ಗೆಯವನ ಮಂಚದ ಕೆಳಗೆ ಒಂದು ಚೊಂಬು ಕಂಡಿತು. ಬಾಯಿಗೆ ಬಾಳೆಲೆ ಮುಚ್ಚಿ ಕಟ್ಟಿದ್ದರು. ಒಳಗೆ ಸ್ಫಟಿಕದಂಥ ನೀರು. ಗೋಡೆಗೆ ಮುಖ ಮಾಡಿ ಮಲಗಿದ್ದವನಿಗೆ ಹೇಳಿದೆ: "ಓಹೋ, ನಾಳೆ ಕೈ ಕುಯ್ಸಕ್ಕೆ ಧೈರ್ಯಕ್ಕೆ ಸಾರಾಯಿ ತರ್ಸಿದ್ದೀಯಾ? ನನ್ ಬುಟ್ಟು?" ಅವನು ತಿರುಗುವುದರೊಳಗೆ ಗಟಗಟ ಕುಡಿದೆ.

ನಾಲಿಗೆ ಚರ್ಮ ಸುಲಿದಂತಾಯಿತು. ಕೆಮ್ಮುತ್ತಾ ಕಿಟಕಿಗೆ ಓಡಿ ಉಗಿದೆ. ವಾರ್ಡಿಗೆ ವಾರ್ಡೇ ನಕ್ಕಿತು. ಬಂದ ಮೇಲೆ ಮೊದಲ ಸಲ ನೇಯ್ಗೆಯವನೂ ನಕ್ಕ.

"ಸುಣ್ಣದ ತಿಳಿ ಕಣ್ಲಾ ಅದು! ಕುಡಿ, ಇನ್ನೂ ಒಸಿ ಕುಡಿ!"

"ಅದ್ಯಾಕ್ಲಾ ಇಲ್ಲಿ ಮಡಗಿದ್ದೀಯೆ?"

ಹೆಂಡತಿ ಹೇಳಿದಳು: "ಆ ಗುಳ್ಗೆ ಬೋ ಉಷ್ಣ ಕಣಣ್ಣ. ಪಥ್ಯ ಏನಂದ್ರೆ ಡಾಕ್ಟ್ರು ಏನೂ ಇಲ್ಲ ಅಂದ್ಬುಟ್ರು. ಪಥ್ಯ ಇಲ್ದೆ ಔಸ್ದಿ ಉಂಟಾ? ಅದ್ಕೇ ನಮ್ಮತ್ತೆ ಎಲೆ-ಅಡ್ಕೆಗೆ ಆಕೋ ಸುಣ್ಣವ ನೀರ್ಗಾಕಿ, ತಿಳಿ ಬಸ್ದು ಕಳಿಸ್ತರೆ. ಪ್ರತಿ ಗುಳ್ಗೆ ಮ್ಯಾಲೂ ಒಂದ್ ಲೋಟ."

ಹೊಟ್ಟೆ ಉರಿಗೆ ನಮ್ಮ ಕಡೆ ಎಲ್ಲರೂ ಕುಡಿಯುವುದೇ ಅದು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನನ್ನ ಪಾಡನ್ನು ಹೇಳಿ ಡಾಕ್ಟರನ್ನು ನಗಿಸೋಣವೆಂದು ಹೋದೆ. ಹೇಳಿದೆ. ಅವರು ನಗಲಿಲ್ಲ, ಎದ್ದು ನಿಂತರು.

"ಹೊಟ್ಟೆ ಉರಿಯ ಔಷಧಿಯನ್ನ ಈ ಗುಳಿಗೆ ಜೊತೆ ಕೊಡಬಾರದು ಅಂತ ಓದಿದ್ದೆ. ಅದು ಗುಳಿಗೇನ ಹೊಟ್ಟೇಲೇ ಕಟ್ಟಿಹಾಕುತ್ತೆ, ರಕ್ತಕ್ಕೆ ಬಿಡಲ್ಲ. ಸುಣ್ಣವೂ ಅದನ್ನೇ ಮಾಡಿರಬೇಕು. ಜಗ್ಗದೆ ಇದ್ದದ್ದು ಕೀವಲ್ಲ ಕಣಯ್ಯ! ಔಷಧಿ ಕೈವರೆಗೆ ಹೋಗೇ ಇಲ್ಲ."

ಉಳಿದಿದ್ದ ಗುಳಿಗೆ ಸಾಕಾಗುವುದೋ ಇಲ್ಲವೋ ತಿಳಿಯದು. ಊತ ಮೊಣಕೈ ಹತ್ತಿರಕ್ಕೆ ಬಂದಿತ್ತು. ಡಾಕ್ಟರು ಬಹಳ ಹೊತ್ತು ಆ ಕೈ ಹಿಡಿದು ಕೂತರು. ಕೊನೆಗೆ, "ಒಂದು ದಿನ ನೋಡೋಣ" ಎಂದು ಹೊಸ ಗೆರೆ ಎಳೆದರು. ನೇಯ್ಗೆಯವನ ಹೆಂಡತಿಗೆ ಪಥ್ಯವನ್ನೂ ಹೇಳಿದರು: ಸುಣ್ಣ ಮುಟ್ಟಬಾರದು, ಎಲೆ-ಅಡಿಕೆ ಕೂಡದು. ಪಥ್ಯ ಸಿಕ್ಕಿದ್ದಕ್ಕೆ ಅವಳ ಮುಖ ಅರಳಿತು.

ಮರುದಿನ ಊತ ಗೆರೆಯಲ್ಲೇ ನಿಂತಿತ್ತು. ಅದರ ಮರುದಿನ ಗೆರೆಯ ಹತ್ತಿರ ಚರ್ಮ ಸುಕ್ಕುಗಟ್ಟಿತ್ತು. ನಾನು ಕಟ್ಟು ಬಿಚ್ಚಿ ಮೂಸಿ ನೋಡಿದೆ; ಬರೀ ಬಟ್ಟೆಯ ವಾಸನೆ. ಖುಷಿಯಲ್ಲಿ ಕುಣಿಯಬೇಕಿತ್ತು. ಸ್ಟೂಲಿನ ಮೇಲೆ ಕುಸಿದು ಕೂತೆ.

ಕೈ ಉಳಿಯಿತು, ಕಿರುಬೆರಳು ಸೊಟ್ಟಗಾಯಿತು. ಹಳದಿ ಗುಳಿಗೆಯ ಸುದ್ದಿ ಹಬ್ಬಿ, ನೆಗಡಿಯವರೂ ಅದನ್ನೇ ಕೇಳತೊಡಗಿದರು. "ಇದನ್ನೂ ಕೆಡಿಸಿಬಿಡ್ತೀವಿ ನೋಡು" ಎಂದು ಡಾಕ್ಟರು ಕಣ್ಣು ಮುಚ್ಚಿಕೊಂಡರು.

ಎಷ್ಟೋ ದಿನದ ಮೇಲೆ ಕೆಲಸ ಮುಗಿಸಿ ಬರುತ್ತಿದ್ದಾಗ ನೇಯ್ಗೆಯವನು ಮಗ್ಗ ನಿಲ್ಲಿಸಿ ಕರೆದ. ಸೊಟ್ಟ ಬೆರಳಿನ ಆ ಕೈಯಲ್ಲೇ ಚೊಂಬು ಚಾಚಿದ. ಒಳಗಿದ್ದದ್ದು ತಿಳಿಯಾಗಿತ್ತು. ಹೆಂಡತಿ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟು ನಿಂತಿದ್ದಳು.

"ಕುಡೀಲಾ, ಎದ್ರಿಕೆಯಾ?"

ಯೋಚಿಸುವಷ್ಟು ತ್ರಾಣವಿರಲಿಲ್ಲ. ಕುಡಿದೆ. ಬರೀ ನೀರು, ತಣ್ಣಗಿತ್ತು.