ಅಜೆಂಡಾ ಅತ್ತೆ

ಆಫೀಸಿನವರೆಲ್ಲ ಬೆನ್ನ ಹಿಂದೆ ಅವಳನ್ನು ಅಜೆಂಡಾ ಅತ್ತೆ ಎನ್ನುತ್ತಾರೆ. ಅದು ಅವಳಿಗೂ ಗೊತ್ತು, ಒಳಗೊಳಗೇ ಖುಷಿ. ಮಾರಾಟದವರು ಏರಿಗೆಳೆದರೆ ಉಗ್ರಾಣದವರು ನೀರಿಗೆಳೆಯುವ ಆ ಕಂಪನಿಯಲ್ಲಿ, ಎಲ್ಲ ವಿಭಾಗಗಳ ಮೀಟಿಂಗಿನ ವಿಷಯಗಳನ್ನೂ ಸಾಫ್ಟ್‌ವೇರಿನಲ್ಲಿ ಬಣ್ಣಬಣ್ಣದ ಕಾರ್ಡುಗಳಾಗಿ ಸಾಲು ಹಿಡಿಸಿ ಕೂರಿಸುವುದು ಅವಳ ಕೆಲಸ. ಲಿಫ್ಟಿನಲ್ಲಿ ಸಿಕ್ಕವರನ್ನು “ಚೆನ್ನಾಗಿದ್ದೀರಾ?” ಎನ್ನುವ ಬದಲು “ಕಾರ್ಡ್ ಹಾಕಿದ್ರಾ?” ಎಂದು ಕೇಳುತ್ತಾಳೆ. “ಬಾಯಲ್ಲೇ ಹೇಳ್ತೀನಿ ಬಿಡಿ” ಎಂದವರಿಗೆ, “ಬಾಯಿ ಮಾತು ಗಾಳಿಗೆ ಹೋಗುತ್ತಪ್ಪ” ಎಂಬ ಉತ್ತರ ಸಿದ್ಧ. ಯಾರಾದರೂ ಕಾರ್ಡಿನಲ್ಲಿ ‘ಇತರೆ’ ಎಂದಷ್ಟೇ ಬರೆದರೆ ತುತ್ತಿನಲ್ಲಿ ಕಲ್ಲು ಸಿಕ್ಕಂಥ ಮುಖ. ಸರದಿಯ ಬಗ್ಗೆ ಗೊಣಗಿದವರಿಗೆ ಒಂದೇ ಮಾತು: “ಸಾಫ್ಟ್‌ವೇರ್ ತಪ್ಪಲ್ಲ, ತಪ್ಪೋರು ನಾವು.” ಮನೆಯಲ್ಲಿ ಗಂಡನೂ ಜಗಳಕ್ಕೆ ಮುಂಚೆ ಕಾರ್ಡ್ ಹಾಕಬೇಕಂತೆ. ಪ್ಯಾಕಿಂಗಿನ ಹುಡುಗಿ ಹೆರಿಗೆ ರಜೆ ಮುಗಿಸಿ ಬಂದವಳು, ಕೂಸಿಗೆ ಹಾಲೂಡಿಸಲು ಮೀಟಿಂಗಿನ ನಡುವೆಯೇ ಎದ್ದು ಓಡಬೇಕು. ಕೊನೆಗೆ ಬೀಳುತ್ತಿದ್ದ ಅವಳ ವಿಷಯ ಅವಳಿಲ್ಲದೆಯೇ ತೀರ್ಮಾನವಾಗುತ್ತಿತ್ತು. “ಕೆಲಸಾನೇ ಬಿಟ್ಬಿಡ್ತೀನಿ ಅಕ್ಕ” ಎಂದು ಒಮ್ಮೆ ಅತ್ತೆಯ ಮುಂದೆ ಕಣ್ಣೊರೆಸಿಕೊಂಡಳು. ಮರುವಾರದಿಂದ ಅವಳ ಕಾರ್ಡೇ ಎಲ್ಲಕ್ಕಿಂತ ಮೇಲೆ. “ಇದ್ಯಾಕಮ್ಮ ನಮಗಿಂತ ಮುಂದೆ?” ಎಂದು ಮಾರಾಟದ ಮುಖ್ಯಸ್ಥರು ಕೇಳಿದರೆ, ಅತ್ತೆ ರೆಪ್ಪೆ ಬಡಿಯದೆ ಹೇಳುತ್ತಾಳೆ: “ಸಾಫ್ಟ್‌ವೇರ್ ತಪ್ಪು ಸಾರ್. ಪ್ರತಿ ವಾರ ಅಲ್ಲೇ ಎಡವುತ್ತೆ.”