ಎಳೆಯುವಾಗ ನಿಲ್ಲುತ್ತಿದ್ದ ಮೋಟಾರು

ಯಡಿಯೂರಿನ ಬೈರಣ್ಣನಿಗೆ ಕೂತ ಕಡೆ ಕೂರುವುದು ಹುಟ್ಟಿದಾಗಿನಿಂದ ಬರಲಿಲ್ಲ. ಊಟಕ್ಕೆ ಕೂತರೂ ಒಂದು ಮಂಡಿ ಎತ್ತಿಕೊಂಡೇ ಕೂರುತ್ತಿದ್ದ, ಈಗಲೋ ಆಗಲೋ ಎದ್ದು ಓಡುವವನ ಹಾಗೆ. ಮುದ್ದೆ ಮುರಿಯುವ ಕೈ ಅಲ್ಲೇ ನಿಂತು ಕಿವಿ ಎಲ್ಲಿಗೋ ಹೋಗಿಬಿಡುತ್ತಿತ್ತು.

"ಯಾವುದೋ ಇಂಜಿನ್ನು ಮಿಸ್ ಹೊಡೀತೈತೆ ಕಣೇ."

"ಹೊಡ್ಕೊಳ್ಲಿ ಬಿಡಿ. ಅದನ್ನ ಹೆತ್ತೋರು ನೀವಲ್ಲ. ಸಾರು ಆರೋಯ್ತದೆ, ಉಣ್ಣಿ," ಎನ್ನುತ್ತಿದ್ದಳು ಹೆಂಡತಿ ಲಕ್ಷ್ಮಮ್ಮ.

ಅವನ ಅಪ್ಪನ ಕಾಲಕ್ಕೆ ಊರ ಪಕ್ಕದಲ್ಲಿ ಮೂರೆಕರೆ ಇತ್ತು. ಜಯನಗರ ಬಡಾವಣೆ ಬಂದಾಗ ಅದರ ಮೇಲೆ ರಸ್ತೆ ಬಿತ್ತು, ಸಾಲು ಮನೆ ಎದ್ದವು. ತೋಟದ ಬಾವಿಯನ್ನು ಮುಚ್ಚಿದರು, ಬಾವಿಗೆ ಕೂರಿಸಿದ್ದ ಆಯಿಲ್ ಇಂಜಿನ್ನು ಮನೆಗೆ ಬಂತು. ಎತ್ತಲು ನೀರಿಲ್ಲದ ಆ ಇಂಜಿನ್ನನ್ನು ಹಿತ್ತಿಲಲ್ಲಿಟ್ಟುಕೊಂಡು ಬಿಚ್ಚುತ್ತ, ಕಟ್ಟುತ್ತ ಬೈರಣ್ಣ ಕಸುಬು ಕಲಿತ. ಆಮೇಲೆ ಹಿಟ್ಟಿನ ಗಿರಣಿಯಲ್ಲಿ ಎರಡು ವರ್ಷ, ಟೂರಿಂಗ್ ಟಾಕೀಸಿನ ಜನರೇಟರ್ ಹತ್ತಿರ ಒಂದು ವರ್ಷ, ಬಸ್ಸಿನ ಷೆಡ್ಡಿನಲ್ಲಿ ಎಂಟು ತಿಂಗಳು. ಎಲ್ಲ ಕಡೆಯೂ ಕೈಯಿಂದ ಸಿಕ್ಕ ಕೆಲಸ ಬಾಯಿಂದ ಹೋಯಿತು. ಗಿರಣಿಯ ಯಜಮಾನ "ಕಲ್ಲು ಸವೆದಿದೆಯೇನೋ ನೋಡು" ಎಂದದ್ದಕ್ಕೆ, "ಕಲ್ಲು ಗುಂಡುಕಲ್ಲಂಗೈತೆ ಸ್ವಾಮಿ, ನಿಮ್ಮ ಜಿಪುಣತನಕ್ಕೆ ಬೆಲ್ಟು ಸವೆದೈತೆ" ಎಂದಿದ್ದ, ಅದೂ ಗಿರಾಕಿಗಳ ಎದುರಿಗೆ. ಟಾಕೀಸಿನವರಿಗೆ ಏನೆಂದನೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅರವತ್ತೆರಡನೇ ಇಸವಿಯ ಮಳೆಗಾಲ ಮುಗಿಯುವಾಗ ಯಡಿಯೂರು ಕೆರೆಯನ್ನು ಅಂತರಗಂಗೆ ತುಂಬಿಕೊಂಡಿತು. ದೂರದಿಂದ ನೋಡಿದರೆ ನೀರೆಲ್ಲಿ, ನೆಲವೆಲ್ಲಿ ಗೊತ್ತಾಗದು. ಆ ಕಳೆಯನ್ನು ಎಳೆದು ತೆಗೆಸಲು ಕೆರೆಯ ಓವರ್ಸಿಯರ್ ಚಕ್ರಪಾಣಿಯವರು ಒಂದು ದೋಣಿಯನ್ನೂ, ಮಿಲಿಟರಿಯ ಹರಾಜಿನಲ್ಲಿ ಬಂದ ಒಂದು ಹಳೇ ದೋಣಿ ಮೋಟಾರನ್ನೂ ತರಿಸಿದರು. ದೋಣಿಯ ಹಿಂದಿನ ಹಲಗೆಗೆ ತಿರುಪಿನಿಂದ ಕಚ್ಚಿಸುವ ಮೋಟಾರು ಅದು. ಮೇಲೆ ತಲೆ, ತಲೆಯ ಹಿಂದೆ ಪೆಟ್ರೋಲಿನ ಪುಟ್ಟ ಟ್ಯಾಂಕು, ಕೆಳಗೆ ನೀರಿಗಿಳಿಯುವ ಉದ್ದನೆಯ ಕಾಲು, ಕಾಲಿನ ತುದಿಗೆ ತಿರುಗುವ ರೆಕ್ಕೆ. ಹಗ್ಗ ಸುತ್ತಿ ಜೋರಾಗಿ ಎಳೆದರೆ ಶುರುವಾಗಬೇಕು. ಅದನ್ನು ನೋಡಿಕೊಳ್ಳಲು ದಿನಗೂಲಿಗೆ ಸೇರಿದ ಬೈರಣ್ಣ ಮೂರು ದಿನ ಅದರ ಜೊತೆ ಗುದ್ದಾಡಿ ನಾಲ್ಕನೆಯ ದಿನ ಶುರುಮಾಡಿದ.

ಚಕ್ರಪಾಣಿಯವರು ಕಚ್ಚೆಪಂಚೆಯ ಮೇಲೆ ಕೋಟು ಹಾಕುವ, ಸೈಕಲ್ಲಿನಿಂದ ಇಳಿಯುವಾಗಲೂ ಬಲಗಾಲನ್ನೇ ಮೊದಲು ಊರುವ ಮನುಷ್ಯ. ಅವತ್ತು ಅವರಿಗೆ ಸಂತೋಷವಾಗಿತ್ತು.

"ನೋಡಯ್ಯಾ ಬೈರಣ್ಣ, ದೀಪಾವಳಿ ಕಳೆದ ಮೇಲೆ ದೊಡ್ಡ ಇಂಜಿನಿಯರು ನೋಡಕ್ಕೆ ಬರ್ತಾರೆ. ಅವರ ಕಣ್ಣೆದುರು ಕಳೆ ಎಳೆದು ದಡಕ್ಕೆ ಹಾಕಿದ್ರೆ ನಿನ್ನ ಖಾಯಂ ಮಾಡಿಸ್ತೀನಿ. ಇಲ್ದಿದ್ರೆ ಮೋಟಾರು ಗುಜರಿಗೆ, ನೀನು ನಿನ್ನ ಮನೆಗೆ."

ಖಾಯಂ ಎಂಬ ಮಾತನ್ನು ಬೈರಣ್ಣ ಮನೆಗೆ ತಂದು ಹೇಳಿದಾಗ ಲಕ್ಷ್ಮಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಗಂಡನ ಆರು ಕೆಲಸ ಕಂಡವಳು. "ಇದೊಂದನ್ನ ಬಾಯಿಂದ ಕಳ್ಕೋಬೇಡಿ," ಎಂದಳು, ಅಷ್ಟೇ.

ಆಯುಧಪೂಜೆಯವರೆಗೂ ಮೋಟಾರು ಒಂದೇ ಸಮನೆ ಓಡಿತು. ಹಬ್ಬಕ್ಕೆ ಚಕ್ರಪಾಣಿಯವರೇ ಮಡಿಯುಟ್ಟು ಬಂದರು. ಅವರ ಮನೆಯವರು ಪಂಕಜಮ್ಮ ಬೆಳಗಿನಿಂದ ತೇದ ಗಂಧ ಬೆಳ್ಳಿ ಬಟ್ಟಲಲ್ಲಿ ಬಂದಿತ್ತು. ಸ್ಪ್ಯಾನರು, ಸುತ್ತಿಗೆ, ಹುಟ್ಟು, ಎಲ್ಲಕ್ಕೂ ಬೊಟ್ಟಿಟ್ಟರು. ಮೋಟಾರಿಗೆ ಹಾರ ಹಾಕಿ, ಟ್ಯಾಂಕಿನ ಮುಚ್ಚಳದ ನಟ್ಟನಡುವೆ ಒಂದು ಎಂಟಾಣೆ ಅಗಲಕ್ಕೆ ಗಂಧ ಮೆತ್ತಿ, ಮೇಲೆ ಕುಂಕುಮವಿಟ್ಟು ಕೈಮುಗಿದರು. "ಶುಕ್ರವಾರ ಶುಕ್ರವಾರ ತಪ್ಪಿಸಬೇಡಯ್ಯಾ," ಎಂದು ಬೈರಣ್ಣನಿಗೆ ಹೇಳಿದರು. ಬೈರಣ್ಣ ತಪ್ಪಿಸಲಿಲ್ಲ.

ಮೋಟಾರು ನಿಲ್ಲತೊಡಗಿದ್ದು ಅದಾದ ಮೇಲೆಯೇ. ಖಾಲಿ ದೋಣಿಯಾದರೆ ಮೆಲ್ಲಗೆ ಕೆರೆಯ ಆ ಕಡೆಗೂ ಹೋಗಿಬರುತ್ತಿತ್ತು. ಕಳೆಯ ಕಂತೆಗೆ ಹಗ್ಗ ಬಿಗಿದು ಜೋರು ಕೊಟ್ಟು ಎಳೆದರೆ ಐದಾರು ನಿಮಿಷ ಗುಡುಗಿ, ಆಮೇಲೆ ದನಿ ಸಣ್ಣಗಾಗಿ, ಬಿಕ್ಕಿ ಬಿಕ್ಕಿ ನಿಂತುಬಿಡುತ್ತಿತ್ತು.

ಮೊದಲು ಪ್ಲಗ್ಗು ಎಂದುಕೊಂಡ. ಬಿಚ್ಚಿ ಉಜ್ಜಿ ಹಾಕಿದ, ಟ್ಯಾಂಕಿನಲ್ಲಿ ಪೆಟ್ರೋಲಿದೆಯೇ ಎಂದು ಕಡ್ಡಿ ಅದ್ದಿ ನೋಡಿದ, ಹಗ್ಗ ಎಳೆದ. ಓಡಿತು. "ಪ್ಲಗ್ಗೇ!" ಎಂದು ಕೂಗಿದ. ಐದು ನಿಮಿಷಕ್ಕೆ ನಿಂತಿತು. ಮಾರನೇ ದಿನ ಕಾರ್ಬುರೇಟರ್ ಬಿಚ್ಚಿ ತೊಳೆದು, ಕಡ್ಡಿ ಅದ್ದಿ ನೋಡಿ, ಎಳೆದ. ಓಡಿತು, ನಿಂತಿತು. ಅದರ ಮಾರನೇ ದಿನ ಪೆಟ್ರೋಲಿಗೆ ಬೆರೆಸುವ ಆಯಿಲ್ಲು ಹೆಚ್ಚಾಯಿತೇನೋ ಎಂದು ಹೊಸದಾಗಿ ಬೆರೆಸಿ, ಲಕ್ಷ್ಮಮ್ಮನ ಹಳೇ ಸೀರೆಯ ತುಂಡಿನಲ್ಲಿ ಸೋಸಿ ಹಾಕಿದ. ಆ ದಿನವೂ ಅದೇ ಕತೆ. ಏನು ಮಾಡಿದರೂ ಐದು ನಿಮಿಷ ಸರಿಹೋಗುವ ಕಾಯಿಲೆಯನ್ನು ಅವನು ಎಲ್ಲೂ ಕಂಡಿರಲಿಲ್ಲ. ಒಂದೇ ಸಾರಿ ಕೆಟ್ಟು ಕೂತಿದ್ದರೆ ಅವನಿಗೆ ಇಷ್ಟು ತಳಮಳ ಆಗುತ್ತಿರಲಿಲ್ಲ.

ಮೋಟಾರನ್ನು ಮನೆಗೆ ಹೊತ್ತು ತಂದು, ನೀರು ತುಂಬಿದ ಡ್ರಮ್ಮಿಗೆ ಹಲಗೆ ಕಟ್ಟಿ ಓಡಿಸಿ ನೋಡಿದ. ಡ್ರಮ್ಮಿನಲ್ಲಿ ಮುಕ್ಕಾಲು ಗಂಟೆ ಬಿಡದೆ ಓಡಿತು. ಹೊಗೆಗೆ ಹಿತ್ತಿಲ ನುಗ್ಗೆಮರದ ಕಾಗೆಗಳು ಎದ್ದುಹೋದವು.

ಪಕ್ಕದ ಮನೆಯ ತಿಮ್ಮರಾಯಪ್ಪ, ವರಸೆಯಲ್ಲಿ ಅಣ್ಣನಾಗಬೇಕಾದವನು, ಗೋಡೆಯ ಮೇಲಿಂದ ಇಣುಕಿದ.

"ಲೇ ಬೈರ, ಡ್ರಮ್ಮಲ್ಲೇ ಖಾಯಂ ಮಾಡಿಸ್ಕಂಡ್ಬಿಡ್ಲಾ. ಕೆರೆ ಯಾಕೆ ಬೇಕು?"

"ಸುಮ್ನಿರು ತಿಮ್ಮರಾಯಣ್ಣ, ತಲೆ ಕೆಟ್ಟೈತೆ."

"ನಿಂದಾ, ಅದರದಾ?"

ಬೈರಣ್ಣ ಡ್ರಮ್ಮಿನ ಹಲಗೆ ಬಿಚ್ಚತೊಡಗಿದ. ಅವನು ತಿರುಗಿ ಬೈಯದೆ ಇದ್ದದ್ದು ನೋಡಿ ತಿಮ್ಮರಾಯಪ್ಪನಿಗೇ ದಿಗಿಲಾಯಿತು.

ಆ ವಾರವೆಲ್ಲ ಬೈರಣ್ಣ ಮನೆಯೊಳಗೆ ಬೋನಿಗೆ ಬಿದ್ದ ಇಲಿಯ ಹಾಗೆ ತಿರುಗಿದ. ಬಾಗಿಲ ಚಿಲಕ ಬಿಚ್ಚಿ ಮತ್ತೆ ಹಾಕಿದ, ಯಾರೂ ಕೇಳದಿದ್ದರೂ. ಚೆನ್ನಾಗಿ ಉರಿಯುತ್ತಿದ್ದ ಪಂಪ್ ಸ್ಟವ್ವನ್ನು ಬಿಚ್ಚಿ ಪಿನ್ನು ಚುಚ್ಚಿ ಚುಚ್ಚಿ ಉರಿಯದ ಹಾಗೆ ಮಾಡಿದ. ಕೊನೆಗೆ ಲಕ್ಷ್ಮಮ್ಮ ಆ ಸ್ಟವ್ ಪಿನ್ನನ್ನು ಅವನ ಅಂಗಿಯ ಜೇಬಿಗೇ ತುರುಕಿ, "ಇದು ನಿಮ್ಮ ಹತ್ರಾನೇ ಇರ್ಲಿ, ನನ್ನ ಒಲೆ ತಂಟೆಗೆ ಬರಬೇಡಿ" ಎಂದು ಕಟ್ಟಿಗೆ ಹೊತ್ತಿಸಿದಳು.

ದೀಪಾವಳಿ ಕಳೆದು, ದೊಡ್ಡ ಇಂಜಿನಿಯರು ಬರುವ ಸೋಮವಾರ ಬಂತು. ಹತ್ತು ಗಂಟೆಗೆ ಏರಿಯ ಮೇಲೆ ಜೀಪು ನಿಂತಿತು. ದೊಡ್ಡ ಇಂಜಿನಿಯರು ಕಪ್ಪು ಕನ್ನಡಕ ಹಾಕಿಕೊಂಡು ಇಳಿದರು. ಚಕ್ರಪಾಣಿಯವರು ಅವರ ಹಿಂದೆ ಫೈಲು ಹಿಡಿದು ನಿಂತರು. ಬಟ್ಟೆ ಒಗೆಯುತ್ತಿದ್ದ ಹೆಂಗಸರ ನಡುವೆ ಲಕ್ಷ್ಮಮ್ಮನೂ ಇದ್ದಳು, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತ.

ಬೈರಣ್ಣ ಒಬ್ಬನೇ ದೋಣಿ ಹತ್ತಿದ. ನಡುಗೆರೆಗೆ ಹೋಗಿ ಕಂತೆಗೆ ಹಗ್ಗ ಬಿಗಿದು ಜೋರು ಕೊಟ್ಟ. ಮೋಟಾರು ಗುಡುಗಿತು. ಹಸುರು ಚಾಪೆ ಸುರುಳಿ ಬಿಚ್ಚಿದ ಹಾಗೆ ಕಳೆ ಹಿಂದೆ ಬಂತು. ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ, ಒಂದು ನಿಮಿಷ, ಎರಡು, ಮೂರು. ನಾಲ್ಕು ದಾಟಿತು. ದನಿ ಸಣ್ಣಗಾಯಿತು. ಬಿಕ್ಕಿತು. ನಿಂತಿತು.

ಕೆರೆಯ ಮೇಲೆ ಸದ್ದೇ ಇಲ್ಲವಾಯಿತು. ಏರಿಯ ಮೇಲೆ ಯಾರೋ ನಕ್ಕದ್ದು ನೀರಿನ ಮೇಲೆ ಜಾರಿಕೊಂಡು ಬಂತು. "ಮುಗೀತು ಬಿಡ್ಲಾ, ಹುಟ್ಟು ಹಾಕು!" ಎಂಬ ತಿಮ್ಮರಾಯಪ್ಪನ ಕೂಗೂ ಬಂತು.

ಇಷ್ಟು ದಿನ ಮೋಟಾರು ನಿಂತ ಕೂಡಲೇ ಅವನ ಕೈ ಸ್ಪ್ಯಾನರಿಗೆ ಹೋಗುತ್ತಿತ್ತು. ಕಡ್ಡಿ ಅದ್ದಿ ನೋಡುವುದು ಎಲ್ಲ ರಿಪೇರಿ ಆದ ಮೇಲೆ. ಅವತ್ತು ಅವಸರದಲ್ಲಿ ಸ್ಪ್ಯಾನರು ಕೈಜಾರಿ ನೀರಿಗೆ ಬಿತ್ತು. ಬೇರೆ ಏನೂ ತೋಚದೆ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಮುಚ್ಚಳ ಸಡಿಲವಾಗುತ್ತಲೇ ಸುಯ್ ಎಂದು ಒಂದು ಸದ್ದು. ಬಹಳ ಹೊತ್ತು ಮುಳುಗಿದ್ದವನು ನೀರಿನಿಂದ ತಲೆಯೆತ್ತಿ ಉಸಿರೆಳೆದ ಹಾಗೆ.

ಬೈರಣ್ಣ ಹಾಗೇ ಕೂತುಬಿಟ್ಟ.

ಸೀಮೆಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗೊಳಕ್ ಗೊಳಕ್ ಎಂದು ನಿಂತುಹೋಗುತ್ತದೆ. ಗಾಳಿ ಒಳಗೆ ಹೋಗಲು ಎದುರು ಮೂಲೆಗೆ ಇನ್ನೊಂದು ತೂತು ಬೇಕು. ಇದು ಅಡುಗೆಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಮುಚ್ಚಳವನ್ನು ತಿರುಗಿಸಿ ಒಳಮೈ ನೋಡಿದ. ನಟ್ಟನಡುವೆ ಸಾಸಿವೆ ಕಾಳಿನಷ್ಟು ತೂತಿನ ಗುರುತು. ಮೇಲ್ಮೈಯಲ್ಲಿ ಅದೇ ಜಾಗದಲ್ಲಿ ಗಂಧ, ಕುಂಕುಮ, ಅದರ ಮೇಲೆ ಗಂಧ, ಮತ್ತೆ ಕುಂಕುಮ, ಒಣಗಿ ಕಲ್ಲಾಗಿ ಕೂತಿತ್ತು. ಮೆಲ್ಲಗೆ ಓಡುವಾಗ, ಡ್ರಮ್ಮಿನಲ್ಲಿ ಓಡುವಾಗ ಮೋಟಾರು ಗುಟುಕು ಗುಟುಕು ಕುಡಿಯುತ್ತದೆ, ಮುಚ್ಚಳದ ತಿರುಪಿನ ಸಂದಿಯಿಂದ ಬರುವ ಚೂರು ಗಾಳಿ ಸಾಕು. ಭಾರ ಎಳೆಯುವಾಗ ಗಟಗಟ ಕುಡಿಯುತ್ತದೆ, ಗಾಳಿ ಸಾಲದೆ ಪೆಟ್ರೋಲು ಕೆಳಗಿಳಿಯುವುದಿಲ್ಲ. ಕಡ್ಡಿ ಅದ್ದಲು ಮುಚ್ಚಳ ತೆಗೆದಾಗಲೆಲ್ಲ ಟ್ಯಾಂಕು ಒಮ್ಮೆ ಉಸಿರಾಡಿ ಐದು ನಿಮಿಷ ಬದುಕಿಕೊಳ್ಳುತ್ತಿತ್ತು. ಅವನು ಆ ಪುಣ್ಯವನ್ನು ಪ್ಲಗ್ಗಿಗೆ ಕೊಟ್ಟಿದ್ದ, ಕಾರ್ಬುರೇಟರಿಗೆ ಕೊಟ್ಟಿದ್ದ.

ಜೇಬಿನಲ್ಲಿದ್ದ ಸ್ಟವ್ ಪಿನ್ನು ತೆಗೆದು ಚುಚ್ಚಿದ. ಕೆಂಪು ಪುಡಿ ಉದುರಿತು. ಊದಿ ನೋಡಿದ, ಗಾಳಿ ಆಚೆಗೆ ಬಂತು. ಹಗ್ಗ ಸುತ್ತಿ ಎಳೆದ. ಮೋಟಾರು ಹಿಡಿದುಕೊಂಡಿತು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಗಾಡಿಯಷ್ಟು ಕಳೆಯನ್ನು ದಡಕ್ಕೆ ತಂದು ಹಾಕಿ ಇಳಿದ.

ದೊಡ್ಡ ಇಂಜಿನಿಯರು ಕನ್ನಡಕ ತೆಗೆದರು. "ನಿಂತಿತ್ತಲ್ಲ, ಏನಾಗಿತ್ತು?"

"ಟ್ಯಾಂಕಿಗೆ ಉಸಿರು ಕಟ್ಟಿತ್ತು ಸ್ವಾಮಿ. ಗಾಳಿ ತೂತು ಮುಚ್ಚೋಗಿತ್ತು."

"ಹೇಗೆ ಮುಚ್ಚಿತು?"

ಧೂಳು ಎಂದರೆ ಮುಗಿಯುತ್ತಿತ್ತು. ಲಕ್ಷ್ಮಮ್ಮ ಬಟ್ಟೆ ಕಲ್ಲಿನ ಹತ್ತಿರದಿಂದ ತುಟಿಗೆ ಬೆರಳಿಟ್ಟು ನೋಡುತ್ತಿದ್ದಳು. ಆದರೆ ಮೋಟಾರಿನ ವಿಷಯದಲ್ಲಿ ಸುಳ್ಳು ಹೇಳುವುದು ಬೈರಣ್ಣನಿಗೆ ಬಾರದು.

"ಕುಂಕುಮ ಸ್ವಾಮಿ. ಶುಕ್ರವಾರ ಶುಕ್ರವಾರ ನಾನೇ ಇಡ್ತಿದ್ದೆ. ಕೆಳಗಿನ ಗಂಧ ಒರೆಸ್ದೆ ಮೇಲೆ ಮೇಲೆ ಮೆತ್ತಿದೆ. ತಪ್ಪು ನಂದು."

"ಕೆಳಗಿನ ಗಂಧ ಯಾರದು?"

ಬೈರಣ್ಣನ ಬಾಯಿ ತೆರೆಯಿತು. ಹೆಸರು ನಾಲಿಗೆಯ ತುದಿಗೆ ಬಂತು. ಗಿರಣಿಯಲ್ಲಿ, ಟಾಕೀಸಿನಲ್ಲಿ, ಷೆಡ್ಡಿನಲ್ಲಿ ಹಾಗೆ ಬಂದ ಮಾತನ್ನು ಅವನು ಯಾವತ್ತೂ ತಡೆದುಕೊಂಡಿರಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ. ಪಿನ್ನನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ.

"ಕೇಳಿದ್ದು ನಿನ್ನನ್ನೇ," ಎಂದರು ದೊಡ್ಡ ಇಂಜಿನಿಯರು.

ಬೈರಣ್ಣ ಕೆರೆಯ ಕಡೆ ನೋಡಿದ.

ಚಕ್ರಪಾಣಿಯವರು ಪಿನ್ನಿನ ಕೆಂಪು ತುದಿಯನ್ನೇ ನೋಡುತ್ತ ನಿಂತಿದ್ದರು. ಫೈಲನ್ನು ಕಂಕುಳಿಗೆ ಇರುಕಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. "ನಾನೇ ಸಾರ್ ಮೊದಲು ಹಚ್ಚಿದ್ದು. ಅದರ ಹಣೆ ಅಂದ್ಕೊಂಡೆ. ಮೂಗು ಅಂತ ಗೊತ್ತಾಗ್ಲಿಲ್ಲ."

ಯಾರಿಗೆ ಮೊದಲು ನಗು ಬಂತೋ ಗೊತ್ತಿಲ್ಲ. ದೊಡ್ಡ ಇಂಜಿನಿಯರು ಮಾತ್ರ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಮುಂದಿನ ವರ್ಷ ಕಾಲಿಗೆ ಹಚ್ಚಿ, ಚಕ್ರಪಾಣಿ." ಜೀಪಿನ ಬಾನೆಟ್ಟಿನ ಮೇಲೆ ಫೈಲು ಬಿಚ್ಚಿಸಿ, "ಇನ್ನೊಂದು ಸಲ ಎಳೆದು ತೋರಿಸಪ್ಪಾ" ಎಂದರು.

ಹೇಳಿ ಮುಗಿಸುವುದರೊಳಗೆ ಬೈರಣ್ಣ ದೋಣಿಯಲ್ಲಿದ್ದ. ಒಂದು ಕಂತೆ ತಂದು ಹಾಕಿದ. ಯಾರೂ ಕೇಳದೆ ಇನ್ನೊಂದಕ್ಕೆ ಹೋದ. ಮೂರನೆಯದಕ್ಕೂ ಹೋದ. ಇಷ್ಟು ದಿನ ಒಳಗೆ ಕಟ್ಟಿಕೊಂಡಿದ್ದ ತಳಮಳವೆಲ್ಲ ಕೈಯಿಂದ ಇಳಿಯಬೇಕಿತ್ತೋ ಏನೋ, ಏರಿಯ ಮೇಲಿನವರು ಕೈಬೀಸಿ ಕರೆದರೂ ತಿರುಗಲಿಲ್ಲ. ದೊಡ್ಡ ಇಂಜಿನಿಯರು ರುಜು ಹಾಕಿ ಜೀಪು ಹತ್ತಿ ಹೋದರು.

ನಾಲ್ಕನೆಯ ಕಂತೆಗೆ, ನಡುಗೆರೆಯಲ್ಲಿ, ಮೋಟಾರು ನಿಂತಿತು.

"ನೋಡಿ, ಹೇಳ್ಲಿಲ್ವಾ?" ಎಂದು ತಿಮ್ಮರಾಯಪ್ಪ ತೊಡೆ ತಟ್ಟಿದ. ಲಕ್ಷ್ಮಮ್ಮ ಒದ್ದೆ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು. ದೋಣಿಯಲ್ಲಿ ಬೈರಣ್ಣ ಎದ್ದು, ಪೆಟ್ರೋಲಿನ ಡಬ್ಬಿಯನ್ನು ತಲೆಕೆಳಗು ಮಾಡಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಒಂದು ತೊಟ್ಟೂ ಬೀಳಲಿಲ್ಲ.

"ಹುಟ್ಟು ಹಾಕ್ಕೊಂಡು ನಿಧಾನವಾಗಿ ಬಾರಯ್ಯಾ!" ಚಕ್ರಪಾಣಿಯವರು ಬಾಯಿಗೆ ಕೈ ಅಡ್ಡವಿಟ್ಟು ಕೂಗಿದರು. "ನಾಳೆ ಎಂಟಕ್ಕೆ ಆಫೀಸಿಗೆ ಬಾ. ಖಾಯಂ ಕಾಗದ. ಸೈನ್ ಹಾಕಕ್ಕೆ ಬರುತ್ತೋ ಇಲ್ವೋ?"

"ಬರ್ತದೆ ಸ್ವಾಮಿ!" ನಡುಗೆರೆಯಿಂದ ಬೈರಣ್ಣ ಕೂಗಿದ. "ನಾಳೆ ಯಾಕೆ? ಅಲ್ಲೇ ಇರಿ, ಈಗ್ಲೇ ಬಂದೆ!" ಎಂದು ಎರಡು ಕೈಯಲ್ಲೂ ಹುಟ್ಟು ಹಿಡಿದು ನೀರಿಗೆ ಬಡಿಯತೊಡಗಿದ. ಆ ಅವಸರಕ್ಕೆ ದೋಣಿ ನಿಂತಲ್ಲೇ ಒಂದು ಸುತ್ತು ತಿರುಗಿತು.